ಆಯುಧವೂ ಅಪ್ಪಣೆಯೂ



ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರವನ್ನು ಸಾವಧಾನವಾಗಿ ಸುತ್ತಿ ನೋಡಿದವರಿಗೆ, ಅದರ ಹೊರಗೋಡೆಯ ಮೇಲೆ ಪಟ್ಟಿಪಟ್ಟಿಯಾಗಿ ಸಾಗುವ ಆನೆ, ಕುದುರೆ, ನರ್ತಕಿಯರ ನಡುವೆ ಆಯುಧಪಾಣಿಗಳಾದ ಕಾಲಾಳುಗಳ ಸಾಲೂ ಕಂಡೇ ಇರುತ್ತದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಮಹಾನವಮಿ ಕಳೆದ ಮೇಲೆ ಕೃಷ್ಣದೇವರಾಯನು ನಡೆಸಿದ ಸೇನಾವಲೋಕನವನ್ನು ವರ್ಣಿಸುವಾಗ, ಬಿಲ್ಲುಗಾರರೊಡನೆ ಬಂದೂಕಿನವರನ್ನೂ ಕಂಡುದಾಗಿ ಬರೆದಿದ್ದಾನೆ. ಆಯುಧವೆಂಬುದು ಆಗ ಹಬ್ಬದ ದಿನ ಬಯಲಿಗೆ ಬಂದು, ಅರಸನೆದುರಿಗೂ ದೇವಿಯೆದುರಿಗೂ ನಿಲ್ಲುತ್ತಿದ್ದ ವಸ್ತು. ಗಂಡುಗಲಿ ಕುಮಾರರಾಮನ ಕಥೆಯನ್ನು ಇಂದಿಗೂ ನೆನೆಯುವ ಕಂಪ್ಲಿಯೂ ಸೇರಿದಂತೆ ಈ ಪ್ರಾಂತದಲ್ಲಿ, ಮುಂದೆ ಮೂರೂವರೆ ಶತಮಾನಗಳು ಕಳೆಯುವಷ್ಟರಲ್ಲಿ, ಕತ್ತಿ ಹಿಡಿದು ಬೀದಿಗೆ ಬರುವುದೇ ಅಪರಾಧವಾದ ಬಗೆಯನ್ನು ತಮ್ಮೆದುರು ನಿವೇದಿಸಿಕೊಳ್ಳಬೇಕೆಂದು ಬಂದಿದ್ದೇನೆ. ಯಾವ ಪ್ರಜೆ ನಂಬಿಕೆಗೆ ಅರ್ಹ, ಯಾವನು ಅನರ್ಹ ಎಂಬ ತೀರ್ಪನ್ನು ಆತನ ಹುಟ್ಟನ್ನು ನೋಡಿ ಮೊದಲೇ ಬರೆದಿಟ್ಟುದು ಹಾಗೆ ವಿಧಿಸಿದ ಬ್ರಿಟಿಷ್ ಆಯುಧ ಶಾಸನಗಳ ಮೂಲದೋಷವೆಂಬುದು ನನ್ನ ದೃಢವಾದ ಅಭಿಪ್ರಾಯ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ, ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಕಂಡುದು ಸುಮಾರು 80 ಪಾಳೆಯಗಾರರನ್ನು ಮತ್ತು ಅವರ ಬೆನ್ನಿಗಿದ್ದ ಶಸ್ತ್ರಧಾರಿ ಬಂಟರನ್ನು. ಆ ಪಡೆಗಳನ್ನು ಚದುರಿಸದೆ ಕಂದಾಯ ನೆಲೆಗೊಳ್ಳದೆಂದು ಅವನು ನಂಬಿದ್ದನು. ಆದರೆ ಅಂದಿನದು ದಂಡಯಾತ್ರೆಯ ಕಾರ್ಯ. ಗೃಹಸ್ಥನ ಮನೆಯೊಳಗಿನ ಬಂದೂಕನ್ನು ಹುಡುಕಿಕೊಂಡು ಕಾನೂನು ಬಂದುದು ಬಹುಕಾಲ ಕಳೆದ ಮೇಲೆ.

ಬಂದುದು 1857ರಲ್ಲಿ. ಉತ್ತರದ ಸಿಪಾಯಿಗಳ ದಂಗೆಯಿಂದ ಬೆದರಿದ ಸರ್ಕಾರವು ಆಯುಧಗಳನ್ನೆಲ್ಲ ನೋಂದಾಯಿಸಬೇಕು, ಇಲ್ಲವೆ ಒಪ್ಪಿಸಬೇಕು ಎಂದು ವಿಧಿಸಿತು. ನಮ್ಮ ಸಂಡೂರಿನಂತೆಯೇ ಘೋರ್ಪಡೆ ಮನೆತನದವರು ಆಳುತ್ತಿದ್ದ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ, ಬೇಟೆಯನ್ನೂ ಕಾವಲನ್ನೂ ವಂಶಪಾರಂಪರ್ಯವಾಗಿ ನಂಬಿದ್ದ ಬೇಡರು ಇದಕ್ಕೆ ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಎಂಬವರ ಮುಂದಾಳತನದಲ್ಲಿ ಅವರು ಎದುರು ನಿಂತರು. ನವೆಂಬರಿನ ಕೊನೆಯಲ್ಲಿ ಕಂಪನಿಯ ದಂಡು ಊರಿಗೇ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಲಾಯಿತು. ರಾಜ್ಯ ಕಟ್ಟುವ ಹಂಬಲ ಅವರಿಗಿದ್ದಿತೆಂದು ಹೇಳಲಾರೆ. ತಾತನ ಕೈಯಿಂದ ತಂದೆಗೆ, ತಂದೆಯಿಂದ ತನಗೆ ಬಂದ ಕತ್ತಿಯನ್ನು ಕಚೇರಿಯ ಮೇಜಿನ ಮೇಲಿಟ್ಟು ಬರಿಗೈಯಲ್ಲಿ ಮರಳುವ ಅವಮಾನವನ್ನು ಅವರು ಸಹಿಸಲಾರದೆ ಹೋದರು. ಜಾನಪದವು ಅವರನ್ನು ಲಾವಣಿಯಲ್ಲಿ ಉಳಿಸಿಕೊಂಡುದೂ ಇದಕ್ಕಾಗಿಯೇ. ಮರುವರ್ಷವೇ, ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿಯ ಭೀಮರಾಯನು ತುಂಗಭದ್ರೆಯ ಆಚೆಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು.

ಲಾರ್ಡ್ ಲಿಟ್ಟನ್ನನ ಆಡಳಿತದಲ್ಲಿ, ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ 1878ರಲ್ಲಿಯೇ, ಆಯುಧ ಶಾಸನವೂ ಹುಟ್ಟಿತು. ಅದರ ಪರಿಭಾಷೆಯ ಕಲಮನ್ನು ನಿಧಾನವಾಗಿ ಓದಬೇಕು. ಬಂದೂಕು, ಸನೀನು, ಕತ್ತಿ, ಬಾಕು, ಈಟಿ, ಈಟಿಯ ಮೊನೆ, ಬಿಲ್ಲುಬಾಣ, ಫಿರಂಗಿ, ಇವುಗಳ ಬಿಡಿಭಾಗಗಳು, ಇವನ್ನು ಮಾಡುವ ಯಂತ್ರಗಳು, ಇವೆಲ್ಲವೂ ಆಯುಧಗಳೇ. ಮದ್ದುಗುಂಡಿನ ಲೆಕ್ಕದಲ್ಲಿ ಚಕಮಕಿ ಕಲ್ಲು, ಕೇಪು, ಬತ್ತಿಗಳು ಬಂದವು. ಸೀಸ, ಗಂಧಕ, ಪೆಟ್ಲುಪ್ಪುಗಳನ್ನು ಆ ಲೆಕ್ಕದಿಂದ ಬಿಟ್ಟರೂ ‘ಸೇನಾಸಾಮಗ್ರಿ’ ಎಂಬ ಬೇರೊಂದು ಹೆಸರಿನಲ್ಲಿ ಹಿಡಿದಿಟ್ಟರು. ಪರವಾನಗಿಯಿಲ್ಲದೆ ಇವನ್ನು ತಯಾರಿಸಿ ಮಾರುವುದು ನಿಷಿದ್ಧವಾದ್ದರಿಂದ, ಕುಲುಮೆಯಲ್ಲಿ ಈಟಿಯ ಮೊನೆ ಬಡಿದು ಸಂತೆಯಲ್ಲಿ ಮಾರುವ ಹಳ್ಳಿಯ ಕಮ್ಮಾರನೂ ಶಾಸನದ ಶಬ್ದಾರ್ಥದಂತೆ ಅಪರಾಧಿಯೇ. ಉಲ್ಲಂಘನೆಗೆ ಮೂರು ವರ್ಷಗಳವರೆಗೆ, ಮರೆಮಾಚಿ ಮಾಡಿದರೆ ಏಳು ವರ್ಷಗಳವರೆಗೆ ಸೆರೆವಾಸ.

ವಿನಾಯಿತಿಯ ಪಟ್ಟಿಯಾದರೋ ಇನ್ನೂ ನೋವಿನದು. ಐರೋಪ್ಯನಿಗೆ ಪರವಾನಗಿ ಬೇಕಿರಲಿಲ್ಲ. ಕೊಡವರಿಗೆ 1861ರಲ್ಲಿಯೇ, ಅವರ ರಾಜನಿಷ್ಠೆಯನ್ನು ಮೆಚ್ಚಿ, ಜನಾಂಗವೆಂಬ ಕಾರಣದಿಂದ ವಿನಾಯಿತಿ ದೊರೆತಿದ್ದಿತು. ಅದು ಇಂದಿಗೂ ನಡೆದುಬಂದು, 2029ರವರೆಗೆ ಮುಂದುವರಿದಿದೆ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಡುವ ಆ ಜನರ ಸಂಸ್ಕೃತಿಯನ್ನು ನಾನು ಗೌರವಿಸುತ್ತೇನೆ, ಅವರಿಗೆ ದೊರೆತುದು ಸಲ್ಲದೆಂದು ಹೇಳಲೊಲ್ಲೆ. ಬೇಡರಿಗೂ ಇಂಥದೇ ಪರಂಪರೆಯಿದ್ದಿತೆಂಬುದನ್ನು ಸರ್ಕಾರ ಗಣಿಸಲಿಲ್ಲವಲ್ಲ ಎಂಬುದೇ ನನ್ನ ವ್ಯಥೆ. ಶಾಸನದ ವ್ಯಾಪ್ತಿಯೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಸಂಡೂರು ದೇಶೀಯ ಸಂಸ್ಥಾನವಾದ್ದರಿಂದ ಬ್ರಿಟಿಷ್ ಇಂಡಿಯಾದ ಶಾಸನ ತಾನಾಗಿ ಅಲ್ಲಿಗೆ ಹೋಗುತ್ತಿರಲಿಲ್ಲ. ಆದರೆ ಬಳ್ಳಾರಿಯ ಕಲೆಕ್ಟರನೇ ಅದರ ಪೊಲಿಟಿಕಲ್ ಏಜೆಂಟನೂ ಆಗಿದ್ದನು. ಸಂಡೂರಿನ ಗುಡ್ಡದಲ್ಲಿ ಬೇಟೆಯಾಡಿ ಸಂಜೆ ಹೊಸಪೇಟೆಯ ಕಡೆಗೆ ಇಳಿದುಬರುವವನು ಒಂದೇ ದಿನದ ನಡಿಗೆಯಲ್ಲಿ ಒಂದು ಕಾನೂನಿನಿಂದ ಮತ್ತೊಂದು ಕಾನೂನಿಗೆ ಕಾಲಿಡುತ್ತಿದ್ದನು.

1887ರ ಮದರಾಸು ಅಧಿವೇಶನದಲ್ಲಿಯೇ ಕಾಂಗ್ರೆಸ್ಸು ಈ ಶಾಸನದ ಪ್ರಶ್ನೆಯನ್ನೆತ್ತಿತು. ಅಹಿಂಸೆಯನ್ನೇ ಬಾಳಿದ ಗಾಂಧೀಜಿ, ಇಡಿಯ ಜನಾಂಗವನ್ನು ನಿಶ್ಶಸ್ತ್ರಗೊಳಿಸಿದುದನ್ನು ಬ್ರಿಟಿಷರ ಅತಿ ಕರಾಳವಾದ ಕೃತ್ಯವೆಂದು 1918ರಲ್ಲಿ ಬರೆದರು. 1930ರ ಅವರ ಹನ್ನೊಂದು ಬೇಡಿಕೆಗಳಲ್ಲಿಯೂ ಆತ್ಮರಕ್ಷಣೆಯ ಆಯುಧಕ್ಕೆ ಪರವಾನಗಿ ಎಂಬುದು ಒಂದಾಗಿದ್ದಿತು. ತಾನು ಹಿಡಿಯಲಾರದುದನ್ನು ತ್ಯಜಿಸಿದೆನೆಂದು ಯಾರೂ ಹೇಳಿಕೊಳ್ಳಲಾಗದಷ್ಟೆ.

ದರೋಜಿಯ ಕರಡಿ, ಬೆಟ್ಟದಂಚಿನ ಕಾಡುಹಂದಿಗಳನ್ನು ಬಲ್ಲ ನಮ್ಮ ರೈತನಿಗೆ ಮುಖ್ಯವಾದುದು ಸ್ವತಂತ್ರ ಭಾರತದ 1959ರ ಆಯುಧ ಶಾಸನ. ಅದು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಪರವಾನಗಿ ಉಳಿಯಿತು, ಉಳಿಯಬೇಕಾದುದೂ ಹೌದು. ಆದರೆ ಬೆಳೆಯ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವವನಿಗೆ, ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿಯನ್ನು ಕೊಡತಕ್ಕದ್ದೆಂದು ಅದು ವಿಧಿಸಿತು. ನಿರಾಕರಿಸುವ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಅರ್ಜಿದಾರನು ಮೇಲ್ಮನವಿ ಮಾಡಿಕೊಳ್ಳಬಹುದು. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಯಾರ ಅರ್ಜಿಯನ್ನೂ ತಳ್ಳಿಹಾಕಕೂಡದು.