ಗಣಕಯಂತ್ರದ ಮರುಸ್ಥಾಪನೆಗೆ ಮುನ್ನ ದತ್ತಾಂಶದ ರಕ್ಷಣೆ

(ಗ್ರಾಮ ಪಂಚಾಯಿತಿ ಸಿಬ್ಬಂದಿಗಾಗಿ ಕಡ್ಡಿರಾಂಪುರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಗಣಕಯಂತ್ರಗಳನ್ನು ಫಾರ್ಮ್ಯಾಟ್ ಮಾಡಿ ಹೊಸ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯ ಅನೇಕ ಕಚೇರಿಗಳ ಮುಂದಿದೆ. ಅಳವಡಿಕೆಯು ಕೆಲವೇ ಗಂಟೆಗಳ ಕೆಲಸ. ಆದರೆ ಆ ಕೆಲವು ಗಂಟೆಗಳಲ್ಲಿ ಹತ್ತಾರು ವರ್ಷಗಳ ದಾಖಲೆ ಅಳಿದುಹೋಗಬಹುದು.

ಈ ವಿಷಯವನ್ನು ಕಡ್ಡಿರಾಂಪುರದಲ್ಲಿ ವಿಶೇಷವಾಗಿ ವಿವರಿಸಬೇಕಾಗಿಲ್ಲ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ವಾಸವಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು; ಪುನರ್ವಸತಿಗೆ ಗುರುತಿಸಲಾದ ಸ್ಥಳ ಇದೇ ಕಡ್ಡಿರಾಂಪುರ. ಅಂತಹ ಸಂದರ್ಭದಲ್ಲಿ ಒಂದು ಕುಟುಂಬವು ಎಲ್ಲಿ ವಾಸವಿತ್ತು, ಎಂದಿನಿಂದ ವಾಸವಿತ್ತು, ಯಾರ ಹೆಸರಿನಲ್ಲಿ ಕಂದಾಯ ಪಾವತಿಯಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ಹೇಳುವುದು ದಾಖಲೆಯೇ. ಗೋಡೆ ಇಲ್ಲವಾದ ಮೇಲೂ ಮನೆಯ ಹಕ್ಕನ್ನು ಉಳಿಸಬಲ್ಲದ್ದು ಪಂಚಾಯಿತಿಯ ಕಡತ. ಆ ಕಡತವು ಇಂದು ಗಣಕಯಂತ್ರದೊಳಗಿದ್ದರೆ, ಅದನ್ನು ಕಾಯುವುದೂ ಕಚೇರಿಯ ಕರ್ತವ್ಯವೇ.

ಮೊದಲಿಗೆ, ಯಾವುದು ಎಲ್ಲಿದೆ ಎಂದು ಪಟ್ಟಿ ಮಾಡಬೇಕು. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು ನಮೂನೆ 11ರ ದತ್ತಾಂಶ ರಾಜ್ಯಮಟ್ಟದ ಸರ್ವರಿನಲ್ಲಿರುತ್ತದೆ. ಕಚೇರಿಯ ಯಂತ್ರವನ್ನು ಫಾರ್ಮ್ಯಾಟ್ ಮಾಡಿದರೆ ಅದಕ್ಕೆ ಧಕ್ಕೆಯಿಲ್ಲ. ಆದರೆ ಸ್ಕ್ಯಾನ್ ಮಾಡಿದ ಹಳೆಯ ವಹಿಗಳು, ನುಡಿಯಲ್ಲಿ ಬೆರಳಚ್ಚಿಸಿದ ನಡಾವಳಿಗಳು, ಎಕ್ಸೆಲ್‌ನಲ್ಲಿರುವ ಕರ ಬೇಡಿಕೆ ಪಟ್ಟಿ, ಟ್ಯಾಲಿ ಲೆಕ್ಕಪತ್ರ, ಸ್ಥಳೀಯವಾಗಿ ಬಳಸಿದ ತಂತ್ರಾಂಶಗಳ ದತ್ತಸಂಚಯ ಇವು ಆ ಒಂದು ಯಂತ್ರದಲ್ಲಿ ಮಾತ್ರ ಇರುವ ಸಾಧ್ಯತೆ ಹೆಚ್ಚು. ಡೆಸ್ಕ್‌ಟಾಪ್ ಮೇಲೆ ಕಾಣುವ ಕಡತಗಳೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿಯೇ ಇರುತ್ತವೆ ಎಂಬುದನ್ನು ಮರೆಯಬಾರದು.

ಎರಡನೆಯದಾಗಿ, ದತ್ತಸಂಚಯವನ್ನು ಸಾಮಾನ್ಯ ಕಡತದಂತೆ ನಕಲಿಸಿದರೆ ಸಾಲದು. ಎಸ್‌ಕ್ಯುಎಲ್ ಸರ್ವರ್ ಚಾಲನೆಯಲ್ಲಿರುವಾಗ ಅದರ ಮೂಲ ಕಡತಗಳು ಬಳಕೆಯಲ್ಲಿರುತ್ತವೆ. ಆದುದರಿಂದ ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆಯಬೇಕು. ಇಲ್ಲೊಂದು ಅಪಾಯವಿದೆ. ಬೇರೆ ಸ್ಥಳವನ್ನು ಸೂಚಿಸದಿದ್ದರೆ ಆ ಪ್ರತಿಯೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿಯೇ ಉಳಿಯುತ್ತದೆ. ಬ್ಯಾಕಪ್ ಆಯಿತೆಂದು ನಂಬಿ ಫಾರ್ಮ್ಯಾಟ್ ಮಾಡಿದಾಗ ಮೂಲವೂ ಪ್ರತಿಯೂ ಒಟ್ಟಿಗೆ ಅಳಿಯುತ್ತವೆ. ಅದೇ ಡಿಸ್ಕಿನ ಡಿ ಡ್ರೈವ್ ಕೂಡ ಬೇರೆ ಸ್ಥಳವಲ್ಲ. ಡಿಸ್ಕ್ ಕೆಟ್ಟರೆ ಎರಡೂ ಕೆಡುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯ ಹೊರಗೆ ಎಂಬುದು ಲೋಕದಲ್ಲೆಲ್ಲ ಒಪ್ಪಿತವಾದ ನಿಯಮ. ಫ್ಯಾಟ್32 ಮಾದರಿಯ ಪೆನ್ ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತ ಹಿಡಿಸದು ಎಂಬುದನ್ನೂ ಗಮನಿಸಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮರಳಿ ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತಂತ್ರಜ್ಞರೊಬ್ಬರು ತಪ್ಪು ಸರ್ವರಿನಲ್ಲಿ ದತ್ತಾಂಶದ ಕೋಶವನ್ನು ಅಳಿಸಿದರು. ದಿನನಿತ್ಯದ ಬ್ಯಾಕಪ್ ಇದೆಯೆಂಬ ಧೈರ್ಯವಿತ್ತು. ಹುಡುಕಿದಾಗ, ತಂತ್ರಾಂಶದ ಆವೃತ್ತಿಗಳು ಹೊಂದದ ಕಾರಣ ಆ ಬ್ಯಾಕಪ್ ವಿಫಲವಾಗುತ್ತಿದ್ದುದು ತಿಳಿದುಬಂತು. ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ನುರಿತ ತಂತ್ರಜ್ಞರಿದ್ದ ಕಡೆಯೇ ಹೀಗಾದರೆ, ಒಬ್ಬರೇ ಆಪರೇಟರ್ ಇರುವ ಕಚೇರಿಯಲ್ಲಿ ಎಚ್ಚರ ಇನ್ನಷ್ಟು ಬೇಕು.

ಪರೀಕ್ಷೆಯ ವಿಧಾನ ಸರಳ. ಪ್ರತಿಯನ್ನು ಮತ್ತೊಂದು ಗಣಕಯಂತ್ರದಲ್ಲಿ ಮರುಸ್ಥಾಪಿಸಬೇಕು. ಕೊನೆಯ ರಸೀದಿ ಸಂಖ್ಯೆ, ವರ್ಷದ ಒಟ್ಟು ಬೇಡಿಕೆ, ಪರಿಚಿತವಾದ ಮೂರು ಮನೆಗಳ ವಿವರ ಇವನ್ನು ಹಳೆಯ ಯಂತ್ರದೊಡನೆ ತಾಳೆ ನೋಡಬೇಕು. ಎಸ್‌ಕ್ಯುಎಲ್ ಸರ್ವರಿನ ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯದು. ಆದುದರಿಂದ ಆವೃತ್ತಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಬಳಕೆದಾರರ ಲಾಗಿನ್ ವಿವರಗಳು ಬೇರೆ ದತ್ತಸಂಚಯದಲ್ಲಿರುವುದರಿಂದ ದತ್ತಾಂಶ ಬಂದರೂ ಪ್ರವೇಶ ಸಿಗದೆ ಹೋಗಬಹುದು. ಅವನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು.

ಕನ್ನಡ ಕಚೇರಿಗಳಿಗೆ ವಿಶಿಷ್ಟವಾದ ಇನ್ನೊಂದು ಗೊಂದಲವಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಹೆಸರುಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ತೋರುತ್ತವೆ. ದತ್ತಾಂಶ ಕೆಟ್ಟಿತೆಂದು ಭಾವಿಸಿ ಅದರ ಮೇಲೆಯೇ ಹೊಸದಾಗಿ ಬರೆಯಬಾರದು. ಅದೇ ಅಕ್ಷರಶೈಲಿಯನ್ನು ಅಳವಡಿಸಿದರೆ ಹೆಸರುಗಳು ಮರಳಿ ಓದಲು ಬರುತ್ತವೆ. ಹಾಗಾಗಿ ನುಡಿ ತಂತ್ರಾಂಶದ ಹಳೆಯ ಆವೃತ್ತಿಯನ್ನೂ ಪ್ರತಿಯೊಡನೆ ಇರಿಸಬೇಕು.

ಪ್ರತಿಯಲ್ಲಿ ಜನರ ಖಾಸಗಿ ವಿವರಗಳಿರುತ್ತವೆ. ಪೆನ್ ಡ್ರೈವ್ ಯಾರದೋ ಜೇಬಿನಲ್ಲಿ ತಿರುಗಬಾರದು. ಕಚೇರಿಯ ಬೀರುವಿನಲ್ಲಿ ಬೀಗದೊಳಗಿರಬೇಕು, ಕೊಟ್ಟು ಪಡೆದುದಕ್ಕೆ ವಹಿಯಲ್ಲಿ ದಾಖಲಾತಿ ಇರಬೇಕು.

ಕಾರ್ಯದ ಕ್ರಮ ಹೀಗಿರಲಿ: ಪಟ್ಟಿ, ಪ್ರತಿ, ಮರುಸ್ಥಾಪನೆಯ ಪರೀಕ್ಷೆ, ತಾಳೆ, ಇಷ್ಟಾದ ಮೇಲೆಯೇ ಫಾರ್ಮ್ಯಾಟ್. ಹೊರಗಿನಿಂದ ಬಂದ ತಂತ್ರಜ್ಞರಿಗೆ ಅವಸರವಿರಬಹುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ತಾಳೆಪಟ್ಟಿಯನ್ನು ಸ್ವತಃ ನೋಡಿ ಸಹಿ ಮಾಡುವವರೆಗೆ ಯಂತ್ರವನ್ನು ಅವರ ಕೈಗೆ ಒಪ್ಪಿಸಬಾರದು. ಹೊಸ ವ್ಯವಸ್ಥೆಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಖಚಿತವಾಗುವ ತನಕ ಹಳೆಯ ಪ್ರತಿಗಳನ್ನು ಅಳಿಸಲೂಬಾರದು.