ಓಟು ಊರಿನದು, ಹುದ್ದೆ ಸರಕಾರದ್ದು



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಈ ಮೂರು ತಾಲೂಕುಗಳ ಯಾವ ಗ್ರಾಮ ಪಂಚಾಯತಿಗೆ ಹೋದರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: "ನಮ್ಮ ನೈನ್ ಇಲೆವೆನ್ ಆಯಿತಾ?" ಮನೆ ಕಟ್ಟುವುದಿದ್ದರೆ, ಬ್ಯಾಂಕಿನಿಂದ ಸಾಲ ಬೇಕಿದ್ದರೆ ಆಸ್ತಿ ದಾಖಲೆಯಾದ ನಮೂನೆ 9 ಮತ್ತು 11 ಕೈಯಲ್ಲಿರಬೇಕು. ಹಲವು ಸಲ ಸಿಗುವ ಉತ್ತರವೂ ನಿಮಗೆ ಗೊತ್ತಿರುವಂಥದ್ದೇ: "ಪಿಡಿಒ ಅವರಿಗೆ ಇನ್ನೊಂದು ಪಂಚಾಯತಿನ ಚಾರ್ಜೂ ಉಂಟು. ನಾಡಿದ್ದು ಬನ್ನಿ."

ಪಂಚಾಯತಿನ ಸದಸ್ಯರನ್ನು ಆರಿಸುವವರು ನಾವು. ಆದರೆ ಕಾಗದಕ್ಕೆ ಸಹಿ ಹಾಕುವ ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯನ್ನು ನೇಮಿಸುವವರು, ವರ್ಗ ಮಾಡುವವರು ಬೇರೆ. ಇದು ಹೀಗೇಕಾಯಿತು ಎಂದು ತಿಳಿಯಬೇಕಾದರೆ ನೂರ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದ ಸೌತ್ ಕೆನರಾ. ಊರಿನಲ್ಲಿ ಸರಕಾರ ಎಂದರೆ ಮೂರು ಜನ: ತೀರ್ವೆ ವಸೂಲು ಮಾಡುವ ಪಟೇಲರು, ಲೆಕ್ಕ ಬರೆಯುವ ಶ್ಯಾನುಭೋಗರು, ಕರೆ ಕಳುಹಿಸಿದಲ್ಲಿಗೆ ಓಡುವ ಉಗ್ರಾಣಿ. 1882ರಲ್ಲಿ ವೈಸ್‌ರಾಯ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಅದರ ಬೆನ್ನಿಗೇ 1884ರಲ್ಲಿ ಮದ್ರಾಸು ಲೋಕಲ್ ಬೋರ್ಡ್ಸ್ ಕಾಯ್ದೆ ಬಂತು. ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಹುಟ್ಟಿದವು. ಮೊದಮೊದಲು ಜಿಲ್ಲಾ ಬೋರ್ಡಿಗೆ ಕಲೆಕ್ಟರರೇ ಅಧ್ಯಕ್ಷರು. 1920ರ ಕಾಯ್ದೆಗಳ ನಂತರ ಚುನಾಯಿತರ ಬಲ ಹೆಚ್ಚಿತು. 1934ರಲ್ಲಿ ತಾಲೂಕು ಬೋರ್ಡುಗಳು ರದ್ದಾದವು, ಜಿಲ್ಲಾ ಬೋರ್ಡು ಉಳಿಯಿತು.

ಈ ಬೋರ್ಡು ಬರೀ ಸಭೆ ಸೇರುವ ಸಂಸ್ಥೆ ಆಗಿರಲಿಲ್ಲ. ರಸ್ತೆ, ಆಸ್ಪತ್ರೆ, ಶಾಲೆ ಎಲ್ಲ ಅದರದ್ದೇ. ನಮ್ಮ ಕಡೆಯ ಹಿರಿಯರು ಇವತ್ತಿಗೂ "ಬೋರ್ಡು ಶಾಲೆ", "ಬೋರ್ಡು ಹೈಸ್ಕೂಲು" ಎನ್ನುತ್ತಾರಲ್ಲ, ಆ ಬೋರ್ಡು ಇದೇ. ಅಲ್ಲಿನ ಮಾಸ್ಟ್ರುಗಳು ಬೋರ್ಡಿನ ನೌಕರರು. ತಪ್ಪುಗಳೂ, ಪಕ್ಷಪಾತವೂ ಇದ್ದಿರಬಹುದು. ಆದರೆ ಶಾಲೆಯಲ್ಲಿ ಮಾಸ್ಟ್ರು ಇಲ್ಲ ಎಂದಾದರೆ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಸರಕಾರಿ ನೇಮಕಾತಿಯನ್ನು ಶಿಫಾರಸಿನ ಹಿಡಿತದಿಂದ ಬಿಡಿಸಲು ಮದ್ರಾಸು 1929ರಲ್ಲಿ ಸರ್ವಿಸ್ ಕಮಿಷನ್ ಸ್ಥಾಪಿಸಿತು. ಪ್ರಾಂತ್ಯಗಳ ಪೈಕಿ ಇದು ಮೊದಲನೆಯದು.

ಸ್ವಾತಂತ್ರ್ಯದ ನಂತರ ಸಂವಿಧಾನ ಬಂತು. ಸರಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದು 16ನೇ ವಿಧಿ ಹೇಳಿತು. ಹಾಗಾದರೆ ತಂದೆಯಿಂದ ಮಗನಿಗೆ ಬರುವ ಗ್ರಾಮ ಹುದ್ದೆಗಳ ಗತಿ? ಆಂಧ್ರದ ಒಂದು ಹಳ್ಳಿಯ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1960ರ ಡಿಸೆಂಬರಿನಲ್ಲಿ ತೀರ್ಪು ಬಂತು: ಮದ್ರಾಸಿನ 1895ರ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯ್ದೆಯಲ್ಲಿ ಮನೆತನ ನೋಡಿ ಹುದ್ದೆ ಕೊಡುವ ಕಲಮು ಸಂವಿಧಾನಕ್ಕೆ ವಿರುದ್ಧ. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ನಾವು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಮೈಸೂರು 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಶ್ಯಾನುಭೋಗರು ಹೋಗಿ ಗ್ರಾಮಕರಣಿಕರು ಬಂದರು. ಉಗ್ರಾಣಿ ಕಡತದಲ್ಲಿ ಗ್ರಾಮ ಸಹಾಯಕನಾದರೂ ನಮ್ಮ ಬಾಯಲ್ಲಿ ಉಗ್ರಾಣಿಯಾಗಿಯೇ ಉಳಿದ. ಮನೆತನದ ಹಕ್ಕು ಹೋದದ್ದು ನ್ಯಾಯವೇ. ಆದರೆ ಆ ಹಕ್ಕು ಊರಿನ ಕೈಗೆ ಬರಲಿಲ್ಲ, ನೇರವಾಗಿ ಸರಕಾರದ ಕೈ ಸೇರಿತು.

ಬೋರ್ಡಿನ ಕತೆಯೂ ಹಾಗೆಯೇ. 1959ರ ಕಾಯ್ದೆಯಲ್ಲಿ ಜಿಲ್ಲಾ ಬೋರ್ಡು ಮರೆಯಾಗಿ ಗ್ರಾಮ ಪಂಚಾಯತ್, ತಾಲೂಕು ಅಭಿವೃದ್ಧಿ ಮಂಡಳಿ ಬಂದವು. ಜಿಲ್ಲೆಯ ಮಟ್ಟದಲ್ಲಿ ಉಳಿದದ್ದು ಡೆಪ್ಯುಟಿ ಕಮಿಷನರ್ ಅಧ್ಯಕ್ಷತೆಯ ಪರಿಷತ್ತು. ಪೇಟೆಗಳಿಗಾಗಿ 1964ರಲ್ಲಿ ಪುರಸಭೆಗಳ ಕಾಯ್ದೆ ಆಯಿತು. ಆಗ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಬೆಳ್ತಂಗಡಿಯಿಂದ ಗೆದ್ದು ಹೋದ ಬಂಟ್ವಾಳ ವೈಕುಂಠ ಬಾಳಿಗರು. ಇವತ್ತು ಬಂಟ್ವಾಳ, ಮೂಡುಬಿದಿರೆ ಪುರಸಭೆಗಳೂ ಬೆಳ್ತಂಗಡಿ ಪಟ್ಟಣ ಪಂಚಾಯತೂ ನಡೆಯುತ್ತಿರುವುದು ಅದೇ ಕಾಯ್ದೆಯಡಿ.

ಪರಿಸ್ಥಿತಿ ನಿಜವಾಗಿ ಬದಲಾದದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆಯವರ ಸರಕಾರ, ಸಚಿವರು ಅಬ್ದುಲ್ ನಜೀರ್ ಸಾಬ್. ಕೊಳವೆ ಬಾವಿ ಕೊರೆಸಿ "ನೀರ್ ಸಾಬ್" ಎನಿಸಿಕೊಂಡವರು ಅಧಿಕಾರವನ್ನೂ ಹಳ್ಳಿಗೆ ಹರಿಸಹೊರಟರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತುಗಳಿಗೆ ಚುನಾವಣೆ ನಡೆಯಿತು. ಶೇಕಡಾ 25 ಸ್ಥಾನ ಮಹಿಳೆಯರಿಗೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ; ಅವರ ಕೈಕೆಳಗೆ ಹಿರಿಯ ಐಎಎಸ್ ಅಧಿಕಾರಿ ಮುಖ್ಯ ಕಾರ್ಯದರ್ಶಿ. ಅಧಿಕಾರಿಗಳು ಚುನಾಯಿತರಿಗೆ ಉತ್ತರ ಹೇಳಬೇಕಾದ ಕಾಲ ಅದು. ಐದೇ ವರ್ಷ ನಡೆಯಿತು. 1992ರ ಹೊತ್ತಿಗೆ ಮತ್ತೆ ಆಡಳಿತಾಧಿಕಾರಿಗಳು ಬಂದು ಕೂತರು.

ಇನ್ನು ಈಗಿನ ಕಾಯ್ದೆ. 73ನೇ ಸಂವಿಧಾನ ತಿದ್ದುಪಡಿಯ ಬೆನ್ನಲ್ಲೇ, 1993ರ ಮೇ 10ರಂದು, ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಐದರಿಂದ ಏಳು ಸಾವಿರ ಜನಸಂಖ್ಯೆಗೊಂದು ಗ್ರಾಮ ಪಂಚಾಯತ್ ಎಂಬುದು ನಿಯಮ. ಆದರೆ ದಕ್ಷಿಣ ಕನ್ನಡದಂಥ ಮಲೆನಾಡು–ಕರಾವಳಿಯ ಜಿಲ್ಲೆಗಳಲ್ಲಿ ಮನೆಗಳು ಗುಡ್ಡಕ್ಕೊಂದು, ಬೈಲಿಗೊಂದು. ಅದಕ್ಕಾಗಿ ಇಲ್ಲಿ ಎರಡೂವರೆ ಸಾವಿರ ಜನರಿದ್ದರೂ ಸಾಕು ಎಂದು ವಿನಾಯಿತಿ ಕೊಟ್ಟರು. ಬೆಳ್ತಂಗಡಿಯ 81 ಗ್ರಾಮಗಳಿಗೆ 48 ಪಂಚಾಯತುಗಳಿರುವುದು ಹೀಗೆ. 2010ರಲ್ಲಿ ಮಹಿಳಾ ಮೀಸಲಾತಿ ಶೇಕಡಾ 50ಕ್ಕೆ ಏರಿತು. 2016ರಲ್ಲಿ ಕಾಯ್ದೆಯ ಹೆಸರಿಗೆ "ಗ್ರಾಮ ಸ್ವರಾಜ್" ಸೇರಿಕೊಂಡಿತು.

ಓಟು, ಮೀಸಲಾತಿ, ಸಭೆ – ಎಲ್ಲವೂ ಕೆಳಗಿಳಿದು ಬಂದವು. ಹುದ್ದೆ ಮಾತ್ರ ಮೇಲೆಯೇ ಉಳಿಯಿತು. ಪಿಡಿಒ ರಾಜ್ಯ ಸರಕಾರದ ನೌಕರ. ಪಂಚಾಯತ್ ತಾನೇ ನೇಮಿಸಿಕೊಳ್ಳಬಹುದಾದವರು ಬಿಲ್ ಕಲೆಕ್ಟರ್, ಪಂಪು ಚಾಲಕ, ಜವಾನ, ಸ್ವಚ್ಛತೆಯವರು. ಅದಕ್ಕೂ ಜಿಲ್ಲಾ ಪಂಚಾಯತಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಅನುಮೋದನೆ ಬೇಕು. ಬೆಳಗಾಗುವ ಮೊದಲೇ ಗುಡ್ಡದ ಟ್ಯಾಂಕಿಗೆ ನೀರು ಏರಿಸಿ, ವಾಲ್ವು ತಿರುಗಿಸಿ, ಯಾವ ಓಣಿಗೆ ಎಷ್ಟು ಹೊತ್ತು ನೀರು ಎಂದು ನೆನಪಿನಲ್ಲೇ ಇಟ್ಟುಕೊಳ್ಳುವ ಪಂಪು ಚಾಲಕನಿಗೆ ಇರುವ ಭದ್ರತೆ ಎಷ್ಟು? 2006ರ ಏಪ್ರಿಲಿನಲ್ಲಿ, ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿತು: ನಿಯಮ ಬಿಟ್ಟು ನೇಮಕವಾದವರಿಗೆ ಕಾಯಮಾತಿಯ ಹಕ್ಕಿಲ್ಲ. ಆ ತೀರ್ಪಿನ ನಂತರ ಅತಂತ್ರರಾದ ದಿನಗೂಲಿಗಳಿಗಾಗಿ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದಿತು. ಕಾಯಮಾತಿಯ ಬದಲು ಒಂದಷ್ಟು ರಕ್ಷಣೆ.

ಈಚಿನ ಕಾನೂನುಗಳ ದಾರಿಯೂ ಇದೇ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ, ಮತ್ತೆ 2020ರಲ್ಲಿ ಕಾಯ್ದೆ ಬಂತು. ಶಿಫಾರಸಿನ ಜಾಗಕ್ಕೆ ಕೌನ್ಸೆಲಿಂಗ್ ಬಂತು. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಶೇಕಡಾ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದು 3ರಿಂದ 7ಕ್ಕೆ ಏರಿತು. ಪಿಎಸ್‌ಐ ನೇಮಕಾತಿ ಹಗರಣದ ನಂತರ, 2023ರಲ್ಲಿ, ಪರೀಕ್ಷಾ ಅಕ್ರಮ ತಡೆಗೆ ಕಠಿಣ ಕಾನೂನು ಆಯಿತು. ಒಂದೊಂದೂ ಬೇಕಾದದ್ದೇ. ಆದರೆ ಬೆಳ್ತಂಗಡಿಯ ಕಾಡಂಚಿನ ಮಲೆಕುಡಿಯರ ಹುಡುಗಿಗೋ ಕೊರಗರ ಹುಡುಗನಿಗೋ ಹೆಚ್ಚಿದ ಮೀಸಲಾತಿಯ ಫಲ ಸಿಗಬೇಕಾದರೆ ಹುದ್ದೆ ತುಂಬಬೇಕು. ಖಾಲಿ ಕುರ್ಚಿಯಲ್ಲಿ ಯಾವ ಮೀಸಲಾತಿಯೂ ಕೂರುವುದಿಲ್ಲ.

ಮೂಡುಬಿದಿರೆಯನ್ನೇ ನೋಡಿ. ಕಾರ್ಕಳ ತಾಲೂಕಿನಲ್ಲಿದ್ದ ಊರು, 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾದಾಗ, ಮಂಗಳೂರು ತಾಲೂಕಿಗೆ ಬಂತು, 2018ರಲ್ಲಿ ತಾನೇ ತಾಲೂಕಾಯಿತು. ತಾಲೂಕು ಘೋಷಿಸಲು ಒಂದು ಅಧಿಸೂಚನೆ ಸಾಕು. ನಡೆಸಲು ಸಿಬ್ಬಂದಿ ಬೇಕು. ಇನ್ನು ತಾಲೂಕು, ಜಿಲ್ಲಾ ಪಂಚಾಯತುಗಳಿಗೆ 2016ರಲ್ಲಿ ಆರಿಸಿದ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಹೊತ್ತಿಗೆ ಸರಿಯಾಗಿ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ಬಂದರು. ನೌಕರರ ಮೇಲಿನ ಹಿಡಿತ ಮೊದಲೇ ಹೋಗಿತ್ತು. ಅಲ್ಲಿ ಓಟಿನ ಹಕ್ಕೂ ಮೂಲೆ ಸೇರಿತು.

ನೇಮಕಾತಿಗೆ ರಾಜ್ಯಕ್ಕೆಲ್ಲ ಒಂದೇ ಪರೀಕ್ಷೆ ಇರಲಿ, ಅದು ನ್ಯಾಯ. ಆದರೆ ನೇಮಕವಾದವರ ಕೆಲಸಕ್ಕೆ ಲೆಕ್ಕ ಕೇಳುವ ಅಧಿಕಾರ, ಖಾಲಿ ಹುದ್ದೆಯನ್ನು ಇಂತಿಷ್ಟು ದಿನದೊಳಗೆ ತುಂಬಿಸಿಕೊಳ್ಳುವ ಹಕ್ಕು ಪಂಚಾಯತಿಗೆ ಇರಬೇಕು. ಕಾನೂನು ಅಷ್ಟಾದರೂ ಬದಲಾಗದಿದ್ದರೆ ಗ್ರಾಮ ಸ್ವರಾಜ್ ಎಂಬುದು ನಾಮಫಲಕದ ಮಾತು.

ಕೇಳುಗರೇ, ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಕರೆಯಬೇಕು ಎಂದು ಕಾನೂನಿದೆ. ಈ ಸಲದ ಸಭೆಗೆ ತಪ್ಪದೆ ಹೋಗಿ. ರಸ್ತೆ, ದಾರಿದೀಪದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ನಮ್ಮ ಪಂಚಾಯತಿಗೆ ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ತುಂಬಿರುವುದು ಎಷ್ಟು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.