ದಂಗೆ ಏಳುವ ಮುನ್ನ



ಯಾವುದೋ ದೇಶ ಹೊತ್ತಿ ಉರಿಯತೊಡಗಿದಾಗ ‘ಇದ್ದಕ್ಕಿದ್ದಂತೆ ಹೀಗಾಯಿತು’ ಎಂಬ ಮಾತು ಕೇಳಿಬರುತ್ತದೆ. ಆದರೆ ಇದ್ದಕ್ಕಿದ್ದಂತೆ ಆಗುವುದು ತೀರ ಅಪರೂಪ.

ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಗೋಲ್ಡ್‌ಸ್ಟೋನ್ ಮತ್ತು ಸಂಗಡಿಗರು 1955ರಿಂದ 2003ರವರೆಗಿನ ಅಂತರ್ಯುದ್ಧಗಳನ್ನೂ ಸರ್ಕಾರಗಳ ಕುಸಿತಗಳನ್ನೂ ಒಟ್ಟಿಗೆ ಇಟ್ಟು ನೋಡಿ, 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಲವಾರು ಅಂಶಗಳನ್ನು ಜಾಲಾಡಿದ ಮೇಲೆ ಮುಖ್ಯವಾಗಿ ಉಳಿದದ್ದು ನಾಲ್ಕೇ: ಆಡಳಿತದ ಸ್ವರೂಪ, ನೆರೆದೇಶಗಳ ಕಲಹ, ಒಂದು ಸಮುದಾಯದ ಮೇಲೆ ಸರ್ಕಾರವೇ ನಡೆಸುವ ತಾರತಮ್ಯ, ಮತ್ತು ಶಿಶುಮರಣ. ಇಷ್ಟರಿಂದಲೇ ಕುಸಿಯುವ ದೇಶ ಯಾವುದು, ತಡೆದುಕೊಳ್ಳುವ ದೇಶ ಯಾವುದು ಎಂಬುದನ್ನು ಎರಡು ವರ್ಷ ಮೊದಲೇ ನೂರಕ್ಕೆ 80ಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಲು ಸಾಧ್ಯವಾಯಿತು.

ಶಿಶುಮರಣಕ್ಕೂ ರಾಜಕೀಯಕ್ಕೂ ಏನು ನಂಟು? ಹುಟ್ಟಿದ ಕೂಸು ಉಳಿಯಬೇಕಾದರೆ ಬಸುರಿಗೆ ಊಟ ಬೇಕು, ಶುದ್ಧ ನೀರು ಬೇಕು, ಹೊತ್ತಿಗೆ ಸರಿಯಾಗಿ ಬರುವ ದಾದಿ ಬೇಕು, ಆಸ್ಪತ್ರೆಗೆ ದಾರಿ ಬೇಕು. ಸರ್ಕಾರ ಬಡವರ ಮನೆಬಾಗಿಲಿಗೆ ಎಷ್ಟು ತಲುಪಿದೆ ಎಂಬುದನ್ನು ಈ ಒಂದು ಅಂಕಿ ಹೇಳಿಬಿಡುತ್ತದೆ. ಆ ಅಧ್ಯಯನದಲ್ಲಿ ಇನ್ನೂ ಒಂದು ಸಂಗತಿ ಕಂಡಿತು: ಪೂರ್ಣ ಸರ್ವಾಧಿಕಾರಕ್ಕಿಂತ, ಚುನಾವಣೆ ಇದ್ದೂ ಬಣಗಳು ಬದ್ಧವೈರ ಸಾಧಿಸುವ ಅರೆಬರೆ ಪ್ರಜಾಪ್ರಭುತ್ವಗಳೇ ಹೆಚ್ಚು ಅಪಾಯದಲ್ಲಿದ್ದವು.

ಅಂಕಿಗಳು ದೇಶವನ್ನು ತೋರಿಸಬಲ್ಲವು, ದಿನವನ್ನಲ್ಲ. ಆ ದಿನ ಹತ್ತಿರವಾದದ್ದು ಗೊತ್ತಾಗುವುದು ಅಲ್ಲಿದ್ದವರಿಗೆ. ರುವಾಂಡಾದಲ್ಲಿ 1993ರಿಂದಲೇ ಆರ್‌ಟಿಎಲ್‌ಎಂ ಎಂಬ ಖಾಸಗಿ ಬಾನುಲಿ ತುತ್ಸಿ ಸಮುದಾಯದ ಜನರನ್ನು ಜಿರಲೆಗಳೆಂದು ಕರೆಯುತ್ತಿತ್ತು. ಬಾನುಲಿಯಲ್ಲೇ ಕುಳಿತು ಇದನ್ನು ಹೇಳಲು ಸಂಕಟವಾಗುತ್ತದೆ. ಅಲ್ಲಿನ ವಿಶ್ವಸಂಸ್ಥೆ ಪಡೆಯ ದಂಡನಾಯಕ ರೋಮಿಯೋ ಡಲೇರ್ 1994ರ ಜನವರಿ 11ರಂದು ನ್ಯೂಯಾರ್ಕಿಗೆ ತಂತಿ ಕಳಿಸಿದರು: ಶಸ್ತ್ರಗಳನ್ನು ಬಚ್ಚಿಟ್ಟಿದ್ದಾರೆ, ತುತ್ಸಿಗಳ ಪಟ್ಟಿ ತಯಾರಾಗುತ್ತಿದೆ, ಅದು ಅವರನ್ನು ಕೊಲ್ಲಲಿಕ್ಕೇ ಇರಬೇಕು ಎಂದು. ಶಸ್ತ್ರ ವಶಪಡಿಸಿಕೊಳ್ಳಲು ಅವರಿಗೆ ಅನುಮತಿ ಸಿಗಲಿಲ್ಲ. ಏಪ್ರಿಲಿನಲ್ಲಿ ಶುರುವಾದ ನರಮೇಧದಲ್ಲಿ, ಸುಮಾರು ನೂರು ದಿನಗಳಲ್ಲಿ ಸತ್ತವರು 8 ಲಕ್ಷದಷ್ಟು. ಮುನ್ಸೂಚನೆಗೆ ಅಲ್ಲಿ ಕೊರತೆ ಇರಲಿಲ್ಲ. ಕೇಳಿಸಿಕೊಂಡು ಏಳುವವರು ಇರಲಿಲ್ಲ, ಅಷ್ಟೆ.

ಆದ್ದರಿಂದಲೇ ಕೀನ್ಯಾದ ಪ್ರಯತ್ನ ನನಗೆ ದೊಡ್ಡದಾಗಿ ಕಾಣುತ್ತದೆ. 2007ರ ಡಿಸೆಂಬರ್ ಚುನಾವಣೆಯ ನಂತರದ ಹಿಂಸೆಯಲ್ಲಿ ಅಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆಮಠ ಬಿಟ್ಟು ಓಡಿದರು. 2010ರಲ್ಲಿ ‘ಉವಿಯಾನೋ’ ಎಂಬ ಶಾಂತಿ ವೇದಿಕೆ ಹುಟ್ಟಿತು. ಬೆದರಿಕೆಯ ಕರಪತ್ರ ಕಂಡರೆ, ದ್ವೇಷದ ಭಾಷಣ ಕೇಳಿದರೆ, 108ಕ್ಕೆ ಯಾರು ಬೇಕಾದರೂ ಉಚಿತವಾಗಿ ಎಸ್ಸೆಮ್ಮೆಸ್ ಕಳಿಸಬಹುದಿತ್ತು. ಬಂದ ಸುದ್ದಿಯನ್ನು ಪರಿಶೀಲಿಸಿ, ಆ ಜಾಗದ ಶಾಂತಿ ಸಮಿತಿಗೋ ಪೊಲೀಸರಿಗೋ ಮುಟ್ಟಿಸುತ್ತಿದ್ದರು. ಇಂಥ ಮಾಹಿತಿ ವಿರೋಧಿಗಳನ್ನು ಹಣಿಯುವ ಆಯುಧವಾಗಲೂಬಹುದು; ಹಾಗಾಗಿ ಅದು ಸರ್ಕಾರದ ಮುಷ್ಟಿಯೊಳಗೇ ಉಳಿಯದೆ, ಊರ ಹಿರಿಯರು ಮತ್ತು ಮಹಿಳಾ ಸಂಘಗಳ ಕೈಯಲ್ಲೂ ಇರಬೇಕು. 2010ರ ಆಗಸ್ಟಿನಲ್ಲಿ ಹೊಸ ಸಂವಿಧಾನದ ಮೇಲೆ ಜನಮತಗಣನೆ ನಡೆಯಿತು. ಹಿಂದೆ ಅತಿ ಹೆಚ್ಚು ರಕ್ತ ಹರಿದಿದ್ದ ರಿಫ್ಟ್ ಕಣಿವೆಯಲ್ಲೂ ಮತದಾನ ಶಾಂತವಾಗಿ ಮುಗಿಯಿತು.